ಹಳೆಯ ಬಿಬಿಸಿ ಮೈಕ್ರೊದಲ್ಲಿ ಲೂಸ್ ಕಾಂಟ್ಯಾಕ್ಟ್: ಅಂಟು ಹಾಕಬಹುದೇ?

ಪ್ರಶ್ನೆ

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಡಿ ನಮ್ಮ ಶಾಲೆಗೆ ಬಂದಿದ್ದ ಬಿಬಿಸಿ ಮೈಕ್ರೊ ಮಾಡೆಲ್ ಬಿ ಕಂಪ್ಯೂಟರೊಂದು ಈಗ ನನ್ನ ಬಳಿ ಇದೆ. ಆನ್ ಮಾಡಿದರೆ ಕೆಲಸ ಮಾಡುತ್ತದೆ. ಆದರೆ ಮೇಜು ಅಲುಗಿದರೆ ಅಥವಾ ಕೀಬೋರ್ಡಿನ ಬಲ ಮೂಲೆಯನ್ನು ಒತ್ತಿದರೆ ಪರದೆ ಚೆದುರಿ, ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಳಗೆ ಕೆಲವು ವೈರುಗಳು ಸಡಿಲವಾಗಿ ಕಾಣುತ್ತಿವೆ. ಎಲ್ಲಕ್ಕೂ ಹಾಟ್ ಗ್ಲೂ ಹಾಕಿ ಕೂರಿಸಿಬಿಡಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಅಂಟಿನ ಮಾತು ಕೊನೆಗಿರಲಿ. ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಅಂಟು ಸುರಿದರೆ, ದೋಷವೂ ಅದರಡಿ ಭದ್ರವಾಗಿ ಕುಳಿತುಬಿಡುತ್ತದೆ.

ಮೊದಲು ಪವರ್ ವೈರುಗಳನ್ನು ನೋಡಿ. ಈ ಯಂತ್ರದಲ್ಲಿ ಪವರ್ ಸಪ್ಲೈಯಿಂದ ಬರುವ ಕೆಂಪು, ಕಪ್ಪು ಮತ್ತು ನೇರಳೆ ವೈರುಗಳು ಬೋರ್ಡಿನ ಮೇಲಿನ ಲೋಹದ ನಾಲಿಗೆಗಳಿಗೆ ಒತ್ತಿ ಕೂರಿಸುವ ಕ್ಲಿಪ್ಪುಗಳಿಂದ ಸೇರಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಆ ಕ್ಲಿಪ್ಪುಗಳ ಹಿಡಿತ ಸಡಿಲವಾಗಿ, ಒಳಗೆ ಕಪ್ಪು ಪದರ ಕಟ್ಟುತ್ತದೆ. ಎರಡು ಆಂಪಿಯರ್ ಹರಿಯುವ ಕಡೆ 0.2 ಓಮ್‌ನಷ್ಟು ತಡೆ ಸೇರಿಕೊಂಡರೂ 0.4 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಐದು ವೋಲ್ಟಿನಲ್ಲಿ ನಡೆಯುವ ಆ ಕಾಲದ ಟಿಟಿಎಲ್ ಜಾತಿಯ ಚಿಪ್ಪುಗಳಿಗೆ 4.75ಕ್ಕಿಂತ ಕೆಳಗಿಳಿದರೆ ಭರವಸೆ ಇಲ್ಲ. ಆದ್ದರಿಂದ ಯಂತ್ರ ಚಾಲೂ ಇರುವಾಗ ಮಲ್ಟಿಮೀಟರಿನಿಂದ ಮೊದಲು ಕ್ಲಿಪ್ಪಿನ ವೈರ್ ಬದಿಯಲ್ಲಿ, ನಂತರ ಬೋರ್ಡಿನ ದೂರದ ತುದಿಯ ಒಂದು ಚಿಪ್ಪಿನ ಕಾಲಿನಲ್ಲಿ ಅಳೆದು ಹೋಲಿಸಿ. ವ್ಯತ್ಯಾಸ ಹೆಚ್ಚಿದ್ದರೆ ಪ್ಲಗ್ ತೆಗೆದು, ವೈರನ್ನು ಎಳೆಯದೆ ಕ್ಲಿಪ್ಪಿನ ಲೋಹವನ್ನೇ ಹಿಡಿದು ಬಿಡಿಸಿ, ನಾಲಿಗೆಯನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ, ಕ್ಲಿಪ್ಪಿನ ಮಡಚಿದ ಎರಡೂ ಅಂಚುಗಳನ್ನು ಸಣ್ಣ ಇಕ್ಕಳದಿಂದ ಕೂದಲೆಳೆಯಷ್ಟು ಅಮುಕಿ ಮತ್ತೆ ಕೂರಿಸಿ. ಹಾಕುವಾಗ ಬೆರಳಿಗೆ ಬಿಗಿತ ತಿಳಿಯಬೇಕು. ಬಣ್ಣ ಸುಟ್ಟು ನೀಲಿಗಟ್ಟಿದ ಕ್ಲಿಪ್ಪನ್ನು ಸರಿಪಡಿಸಲು ಹೋಗಬೇಡಿ, ಹೊಸದನ್ನು ಹಾಕಿ; ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಥದ್ದಕ್ಕೆ ಬರವಿಲ್ಲ.

ಬಲ ಮೂಲೆಯನ್ನು ಒತ್ತಿದಾಗ ತೊಂದರೆ ಬರುತ್ತದೆ ಎಂದಿದ್ದೀರಿ. ಕೀಬೋರ್ಡಿನ ಬಲಬದಿಯ ಕೆಳಗೇ ರೋಮ್ (ಯಂತ್ರದ ಕಾಯಂ ಪ್ರೋಗ್ರಾಮುಗಳಿರುವ) ಚಿಪ್ಪುಗಳ ಸಾಕೆಟ್‌ಗಳಿವೆ, ಹಾಗಾಗಿ ನನ್ನ ಅನುಮಾನ ಅವುಗಳ ಮೇಲೆಯೇ. ಯಂತ್ರ ಬಿಸಿಯಾಗಿ ತಣ್ಣಗಾಗುವ ಪ್ರತಿ ಸಲವೂ ಚಿಪ್ಪು ಸಾಕೆಟ್ಟಿನಿಂದ ಚೂರುಚೂರೇ ಮೇಲೆ ಬರುತ್ತದೆ. 1980ರ ಆಪಲ್ ತ್ರೀ ಯಂತ್ರದಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, ಯಂತ್ರವನ್ನು ಕೆಲವು ಅಂಗುಲ ಎತ್ತಿ ಮೇಜಿನ ಮೇಲೆ ಬಿಡಿ ಎಂಬ ಸಲಹೆಯನ್ನೇ ಕೊಡಲಾಗಿತ್ತು. ನೀವು ಹಾಗೆ ಮಾಡಬೇಕಿಲ್ಲ. ಪ್ಲಗ್ ತೆಗೆದು, ದೇಹದ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಇಳಿಸಿಕೊಂಡು, ಬೋರ್ಡಿಗೆ ಅಡಿಯಿಂದ ಆಸರೆ ಕೊಟ್ಟು ಪ್ರತಿಯೊಂದು ಚಿಪ್ಪನ್ನೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿ; ಸಡಿಲವಾಗಿದ್ದರೆ ಸಣ್ಣಗೆ ಚಟಪಟ ಎನ್ನುತ್ತದೆ. ಆಸರೆ ಇಲ್ಲದೆ ಒತ್ತಿದರೆ ಬೋರ್ಡು ಬಾಗಿ, ಇದ್ದ ಬೆಸುಗೆಯೂ ಬಿರಿಯುತ್ತದೆ. ಅಷ್ಟಕ್ಕೆ ಸರಿಹೋಗದಿದ್ದರೆ ಚಿಪ್ಪನ್ನು ಎರಡು ತುದಿಗಳಿಂದಲೂ ಸರದಿಯ ಮೇಲೆ ಸ್ವಲ್ಪಸ್ವಲ್ಪವೇ ಮೀಟಿ ತೆಗೆದು, ಕಾಲುಗಳನ್ನು ಒರೆಸಿ, ಗುರುತಿನ ಕಚ್ಚು ಇರುವ ಬದಿಯನ್ನು ನೋಡಿಕೊಂಡು ಮತ್ತೆ ಹಾಕಿ. ಕಾಲುಗಳಿಗೆ ಮರಳು ಕಾಗದ ತಾಕಿಸಬೇಡಿ, ಲೇಪನ ಹೋಗಿಬಿಡುತ್ತದೆ.

ಹಿಂಬದಿಯ ಡಿನ್ ಸಾಕೆಟ್‌ಗಳ (ಕೇಬಲ್ ಸಿಕ್ಕಿಸುವ ದುಂಡನೆಯ ಸಾಕೆಟ್‌ಗಳು) ಪಿನ್ನುಗಳ ಸುತ್ತ ಉಗುರಿನ ಅಂಚಿನಷ್ಟು ತೆಳುವಾದ ಬಿರುಕಿನ ಉಂಗುರ ಕಂಡರೆ ಅದು ಡ್ರೈ ಸೋಲ್ಡರ್, ಅಂದರೆ ಹಿಡಿತ ಬಿಟ್ಟ ಬೆಸುಗೆ. ಭೂತಗನ್ನಡಿ ಇಲ್ಲದೆ ಅದು ಕಾಣುವುದು ಕಷ್ಟ. ಸೀಸವಿರುವ ಹೊಸ ಸೋಲ್ಡರನ್ನು ಸ್ವಲ್ಪ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು ಪದಾರ್ಥ) ಜೊತೆ ಕರಗಿಸಿದರೆ ಸಾಕು.

ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಅನುಭವವಿಲ್ಲದೆ ತೆರೆಯಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಹಾಗೆಯೇ, ಅದರೊಳಗೆ ಮನೆಯ ಕರೆಂಟಿಗೆ ನೇರವಾಗಿ ಸೇರಿರುವ ಹಳೆಯ ಕೆಪಾಸಿಟರಿನ ಪಾರದರ್ಶಕ ಹೊದಿಕೆ ಬಿರಿದು, ಯಾವುದೋ ಒಂದು ದಿನ ಹೊಗೆ ಎದ್ದು ಮನೆಯೆಲ್ಲ ನಾರುವುದು ಈ ಯಂತ್ರಗಳಲ್ಲಿ ಅಪರೂಪವಲ್ಲ. ಅದನ್ನು ಬದಲಿಸಲು ಟಿ.ವಿ. ರಿಪೇರಿ ಮಾಡುವವರ ಸಹಾಯ ಪಡೆಯಿರಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನೇ ಮಾಡಿ. ನಾನು ಅಂಟಿನ ಬಗ್ಗೆ ಮಾತ್ರ ಸೇರಿಸುತ್ತೇನೆ. ಹಾಟ್ ಗ್ಲೂ ಪೂರ್ತಿ ಕೆಟ್ಟದ್ದೇನಲ್ಲ, ಐಸೊಪ್ರೊಪಿಲ್ ಆಲ್ಕೊಹಾಲ್ ತಾಗಿಸಿದರೆ ಬಿಟ್ಟುಕೊಳ್ಳುತ್ತದೆ ಎಂಬ ಗುಣವೂ ಅದಕ್ಕಿದೆ. ಆದರೆ ಪವರ್ ಸಪ್ಲೈ ಮತ್ತು ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಇಳಿಸುವ ಲೋಹದ ತುಂಡು) ಹತ್ತಿರ ಅದು ಮೆತ್ತಗಾಗುತ್ತದೆ. ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ಸೂಪರ್ ಗ್ಲೂ ಅಂತೂ ಕನೆಕ್ಟರಿನ ಹತ್ತಿರ ಬೇಡವೇ ಬೇಡ, ಸಂದಿಗೆ ಹರಿದು ಸಂಪರ್ಕವನ್ನೇ ಮುಚ್ಚುತ್ತದೆ ಮತ್ತು ಸುತ್ತಲ ಪ್ಲಾಸ್ಟಿಕ್ಕಿಗೆ ಬಿಳಿ ಮಬ್ಬು ಹಿಡಿಸುತ್ತದೆ. ನನ್ನ ಅಭಿಪ್ರಾಯದಲ್ಲಿ, ವೈರಿನ ಭಾರ ಕನೆಕ್ಟರಿನ ಮೇಲೆ ಬೀಳದಂತೆ ಹತ್ತಿರದ ಯಾವುದಾದರೂ ಗಟ್ಟಿ ಜಾಗಕ್ಕೆ ಕೇಬಲ್ ಟೈ ಹಾಕಿ, ಸ್ವಲ್ಪ ಸಡಿಲು ಬಿಟ್ಟು ಕಟ್ಟುವುದು ಎಲ್ಲ ಅಂಟಿಗಿಂತ ಮೇಲು.

ಮೂರನೆಯ ಉತ್ತರ

ನನ್ನದು ಅದೇ ಕಾಲದ ಸಿಂಕ್ಲೇರ್ ಕಂಪನಿಯ ಜೆಡ್‌ಎಕ್ಸ್81, ಸ್ಪೆಕ್ಟ್ರಮ್ ಕಂಪ್ಯೂಟರುಗಳ ಅನುಭವ. ಜೆಡ್‌ಎಕ್ಸ್81ರ ಹಿಂದೆ ಸಿಕ್ಕಿಸುವ, ಮೆಮೊರಿ ಹೆಚ್ಚಿಸುವ 16ಕೆ ರ‍್ಯಾಮ್ ಪ್ಯಾಕ್ ಸ್ವಲ್ಪ ಅಲುಗಿದರೂ ಟೈಪ್ ಮಾಡಿದ್ದೆಲ್ಲ ಮಾಯ. ಅದಕ್ಕೆ ಮದ್ದು, ಬೋರ್ಡಿನ ಅಂಚಿನ ಸಂಪರ್ಕಪಟ್ಟಿಗಳನ್ನು ಒರೆಸಿ, ಪ್ಯಾಕಿನಡಿ ಅಲುಗದಂತೆ ಮೆತ್ತೆ ಇಡುವುದು. ಸ್ಪೆಕ್ಟ್ರಮ್ ಕೀಬೋರ್ಡಿನ ಪ್ಲಾಸ್ಟಿಕ್ ಪಟ್ಟಿಯ ಬಾಲ ಹಳತಾದಂತೆ ಪೆಡಸಾಗುತ್ತದೆ. ಮುಚ್ಚಳ ತೆರೆಯುವಾಗ ಎಳೆಯಬೇಡಿ. ತುದಿ ಬಿರಿದಿದ್ದರೆ ಕೆಲವು ಮಿಲಿಮೀಟರ್ ನೇರವಾಗಿ ಕತ್ತರಿಸಿ, ಉಳಿದ ಭಾಗವನ್ನು ಮತ್ತೆ ಸಿಕ್ಕಿಸಬಹುದು. ಅದು ಸಹ ಒಂದೆರಡು ಸಲ ಮಾತ್ರ, ಬಾಲದ ಉದ್ದ ಅಷ್ಟೇ ಇರುವುದು.

ಇನ್ನು ಸ್ಕ್ರೂ. ಇಂಥ ಕೇಸುಗಳಲ್ಲಿ ಅದು ಪ್ಲಾಸ್ಟಿಕ್ಕಿನಲ್ಲೇ ಮರೆ (ಸ್ಕ್ರೂ ಕೂರುವ ಸುರುಳಿ ಗೆರೆ) ಕೊರೆದುಕೊಂಡು ಹೋಗುವ ಜಾತಿಯದು. ಸುಮ್ಮನೆ ಒತ್ತಿ ತಿರುಗಿಸಿದರೆ ಪ್ರತಿ ಸಲ ಹೊಸ ಮರೆ ಮೂಡಿ, ಕೊನೆಗೆ ಹಿಡಿತವೇ ಇಲ್ಲವಾಗುತ್ತದೆ. ಸ್ಕ್ರೂ ಇಟ್ಟು ಮೊದಲು ಎಡಕ್ಕೆ ತಿರುಗಿಸುತ್ತಾ ಬನ್ನಿ, ಹಳೆಯ ಮರೆ ಸಿಕ್ಕಿದಾಗ ಅದು ಟಕ್ ಎಂದು ಕೆಳಗಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ, ಬಿಗಿ ಅನಿಸಿದ ತಕ್ಷಣ ನಿಲ್ಲಿಸಿ. ಹಿಡಿತ ಹೋಗಿದ್ದರೆ ರಂಧ್ರಕ್ಕೆ ಅಂಟು ತುಂಬಬೇಡಿ, ಮುಂದೆ ತೆಗೆಯಬೇಕಾದವರಿಗೆ ಅದು ಶಾಪ. ಹಿತ್ತಾಳೆಯ ಇನ್ಸರ್ಟ್ (ಒಳಗೆ ಮರೆ ಇರುವ ಪುಟ್ಟ ಕೊಳವೆ) ಹಾಕಿಸಿ.