ಅಜ್ಜನ ಮರಣ ಪ್ರಮಾಣಪತ್ರ: ತಾಲ್ಲೂಕು ಕಚೇರಿಯಲ್ಲಿ "ನಮೂದು ಇಲ್ಲ" ಅಂತಾರೆ, ಮುಂದೇನು?

ಅಡಿಕೆಮರ_77
ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಜ್ಜನ ಮರಣ ಪ್ರಮಾಣಪತ್ರ ಬೇಕು. ಪಹಣಿಯ 9ನೇ ಕಲಂನಲ್ಲಿ ಇವತ್ತಿಗೂ ಅವರ ಹೆಸರೇ ಇದೆ. ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅರ್ಜಿ ಹಾಕೋಣ ಅಂದರೆ ಮೊದಲು ಮರಣ ಪತ್ರ ತನ್ನಿ ಎನ್ನುತ್ತಾರೆ.

ತಾಲ್ಲೂಕು ಕಚೇರಿಯ ಗುಮಾಸ್ತರು ಬೈಂಡು ಕಿತ್ತುಹೋದ ಒಂದು ರಿಜಿಸ್ಟರ್ ತೆಗೆದರು. ಬೆರಳಿಗೆ ಎಂಜಲು ಹಚ್ಚಿ ನಾಲ್ಕು ಹಾಳೆ ತಿರುವಿದರು. "1979ರಲ್ಲಿ ನಿಮ್ಮೂರಿಂದ ಈ ಹೆಸರಿಲ್ಲ" ಎಂದು ದಾರ ಕಟ್ಟಿ ಮೇಲಿಟ್ಟರು. ಜನನ ಮರಣ ದಾಖಲೆಯ ಸರ್ಕಾರಿ ಜಾಲತಾಣ ಇ-ಜನ್ಮದಲ್ಲಿ ಹುಡುಕಿದೆ, ಏನೂ ಬರಲಿಲ್ಲ. ನಾಡಕಚೇರಿಯಲ್ಲಿ ನಮಗೆ ಸಂಬಂಧ ಇಲ್ಲ ಎಂದರು. ಗ್ರಾಮ ಪಂಚಾಯಿತಿಯಲ್ಲಿ "ಅಷ್ಟು ಹಳೇದು ನಮ್ಮ ಹತ್ರ ಎಲ್ಲಿರುತ್ತೆ" ಎಂದು ನಕ್ಕರು. ಬದುಕಿದ್ದರೆ ಅಜ್ಜನಿಗೆ ಈಗ ನೂರಿಪ್ಪತ್ತು ದಾಟುತ್ತಿತ್ತು. ಸತ್ತಿದ್ದಾರೆ ಅಂತ ಸಾಬೀತು ಮಾಡಬೇಕಂತೆ! ಯಾರಾದರೂ ದಾರಿ ಹೇಳಿ.

ರೆಕಾರ್ಡ್‌ರೂಮ್_ರಾಯರು
ಇದು ಹೆಸರಿನ ಸಮಸ್ಯೆ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಆಗಿನ ಗ್ರಾಮ ಲೆಕ್ಕಿಗರು ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತಿದ್ದರು. ಪಹಣಿಯಲ್ಲಿ ತಿಮ್ಮಪ್ಪ ಇದ್ದರೆ ಮರಣದ ರಿಜಿಸ್ಟರಿನಲ್ಲಿ ತಿಮ್ಮ, ತಿಮ್ಮಯ್ಯ, ತಿಮ್ಮಣ್ಣ ಏನು ಬೇಕಾದರೂ ಇರಬಹುದು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಯಾವುದು? ಅದನ್ನು ಹಿಡಿದು ಹುಡುಕಿಸಿ.

ಅರ್ಜಿ_ಅಣ್ಣಯ್ಯ
ಹುಡುಕಿಸಿ ಅಂದರೆ ಯಾರು ಹುಡುಕುತ್ತಾರೆ ರಾಯರೇ? ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಲೇಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜಾಸ್ತಿ ಬರೆದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ.

ರೆಕಾರ್ಡ್‌ರೂಮ್_ರಾಯರು
ಎಲ್ಲದಕ್ಕೂ ಮಾಹಿತಿ ಹಕ್ಕು! 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಯಾರು ಬೇಕಾದರೂ ಶುಲ್ಕ ಕಟ್ಟಿ ಹುಡುಕಿಸಿ ನಕಲು ಪಡೆಯಬಹುದು ಎಂದಿದೆ. ಮನೆ ಬಾಗಿಲು ತೆಗೆದಿರುವಾಗ ಕಿಟಕಿಯಿಂದ ಯಾಕೆ ಹಾರಬೇಕು? ನೌಕರರಿಗೆ ಮೊದಲ ದಿನವೇ ಆರ್‌ಟಿಐ ತೋರಿಸಿದರೆ ಆಮೇಲೆ ಅವರು ನಿಮ್ಮ ಮುಖ ನೋಡುವುದಿಲ್ಲ.

ಅರ್ಜಿ_ಅಣ್ಣಯ್ಯ
ಮುಖ ನೋಡಲಿ ಅಂತ ಅಲ್ಲ ಹೋಗುವುದು, ದಾಖಲೆ ನೋಡಲಿ ಅಂತ. ನೀವು ನಿವೃತ್ತ ನೌಕರರು, ನಿಮಗೆ ಕುರ್ಚಿ ಕೊಡುತ್ತಾರೆ. ನಮಗೆ ಕೊಡುವುದಿಲ್ಲ.

ಕುಡ್ಲದ_ಪುಳ್ಳಿ
ಜಗಳ ಆಮೇಲೆ ಮಾಡಿ. ಅಡಿಕೆಮರ, ನಿಮ್ಮ ಅಜ್ಜ ತೀರಿಕೊಂಡದ್ದು ಎಲ್ಲಿ? ಮತ್ತೆ 1979 ಎಂದು ಹೇಗೆ ಗೊತ್ತು? ಆ ಕಾಲದ್ದಾದರೆ ಪೇಪರಿನ ನಿಧನ ವಾರ್ತೆಯನ್ನೂ ನೋಡಬಹುದು. ಉದಯವಾಣಿ 1970ರ ಜನವರಿ 1ಕ್ಕೆ ಶುರುವಾದದ್ದು, ಪ್ರಜಾವಾಣಿ 1948ರಲ್ಲಿ. ಕಟಿಂಗ್ ತೋರಿಸಿದರೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ, ಆದರೆ ತಾರೀಕು ಗಟ್ಟಿಯಾಗುತ್ತದೆ. ತಾರೀಕು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಅಡಿಕೆಮರ_77
@ರಾಯರು, ಎಲ್ಲ ಹೆಸರಲ್ಲೂ ನೋಡಿಸಿದೆ ಸರ್. ಅಜ್ಜನಿಗೆ ಒಂದೇ ಹೆಸರು. @ಪುಳ್ಳಿ, ಪೇಪರಿಗೆ ಹಾಕಿಸುವಷ್ಟು ದೊಡ್ಡವರಲ್ಲ ನಾವು ಮೇಡಂ. ವರ್ಷ ಖಚಿತ. ಅತ್ತೆ ಹೇಳಿದ್ದಾರೆ: ಸಿದ್ಧಾರ್ಥಿ ಸಂವತ್ಸರ, ರಥಸಪ್ತಮಿಯ ಮಾರನೇ ದಿನ. ಈಗಲೂ ಶ್ರಾದ್ಧ ಅದೇ ತಿಥಿಗೆ ಮಾಡುತ್ತೇವೆ. ಸಿದ್ಧಾರ್ಥಿ ಅಂದರೆ 1979, ಹಳೇ ಪಂಚಾಂಗದಲ್ಲಿ ನೋಡಿದ್ದೇನೆ.

ಕುಡ್ಲದ_ಪುಳ್ಳಿ
ಅಲ್ಲೇ ಇದೆ ನೋಡಿ ತೊಡಕು! ಸಿದ್ಧಾರ್ಥಿ ಶುರುವಾಗುವುದು 1979ರ ಯುಗಾದಿಗೆ, ಮುಗಿಯುವುದು 1980ರ ಯುಗಾದಿಗೆ. ರಥಸಪ್ತಮಿ ಬರುವುದು ಮಾಘದಲ್ಲಿ. ಅಂದರೆ ನಿಮ್ಮ ಅಜ್ಜ ಹೋದದ್ದು 1980ರ ಜನವರಿ ಕೊನೆಗೆ. ರಿಜಿಸ್ಟರ್ ಇಡುವುದು ಜನವರಿಯಿಂದ ಡಿಸೆಂಬರ್ ಲೆಕ್ಕಕ್ಕೆ. 1979ರ ಪುಸ್ತಕವನ್ನು ಎಷ್ಟು ತಿರುವಿದರೂ ಸಿಗುವುದಿಲ್ಲ. ಮಾಘ, ಫಾಲ್ಗುಣದ ತಿಥಿ ಇದ್ದರೆ ಯಾವಾಗಲೂ ಮುಂದಿನ ಇಸವಿ ನೋಡಬೇಕು, ಪುಷ್ಯದ್ದಾದರೆ ಎರಡೂ ಇಸವಿ ನೋಡಬೇಕು. ತೀರಿಕೊಂಡದ್ದು ಎಲ್ಲಿ ಎಂದು ನೀವು ಹೇಳಲೇ ಇಲ್ಲ.

ರೆಕಾರ್ಡ್‌ರೂಮ್_ರಾಯರು
ಇಸವಿ ಸರಿ. ಆದರೂ ಹೆಸರು ಬಿಡಬೇಡಿ.

ಅಡಿಕೆಮರ_77
1980ರ ಪುಸ್ತಕವನ್ನೂ ತೆಗೆಸಿದೆ. ಪೂರ್ತಿ ವರ್ಷ ನೋಡಿದರು. ನಮ್ಮೂರಿನ ಹೆಸರಿನ ಎದುರು ಎಮ್ಮೆ ಕಾಯುತ್ತಿದ್ದ ಮುದುಕನದ್ದು ಸಿಕ್ಕಿತು, ಪಕ್ಕದ ಮನೆ ಬಾಣಂತಿಯದ್ದು ಸಿಕ್ಕಿತು, ನಮ್ಮ ಅಜ್ಜನದು ಇಲ್ಲ. "ನಮೂದು ಇಲ್ಲ ಅಂತ ಬರೆದುಕೊಡುತ್ತೇವೆ, ಕೋರ್ಟಿಗೆ ಹೋಗಿ" ಎನ್ನುತ್ತಿದ್ದಾರೆ. ಕೋರ್ಟಿಗೆ ಖರ್ಚು ಎಷ್ಟಾಗುತ್ತೆ?

ಲಾಯರ್_ಮನೆ_ಅಳಿಯ
ನಮೂನೆ 10 ಕೊಡುತ್ತಾರೆ, ಅಲಭ್ಯತೆ ಪತ್ರ ಅಂತ. ಅದನ್ನು ಹಿಡಿದು ತಡವಾದ ನೋಂದಣಿಗೆ ಹೋಗುವುದು. ವರ್ಷ ದಾಟಿದ ಮರಣಕ್ಕೆ ಅದೇ 1969ರ ಕಾಯ್ದೆಯ 13(3) ಸೆಕ್ಷನ್. ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಈಗ ಜಿಲ್ಲಾ ಮ್ಯಾಜಿಸ್ಟ್ರೇಟ್, ಇಲ್ಲವೇ ಉಪವಿಭಾಗದ ಮ್ಯಾಜಿಸ್ಟ್ರೇಟ್, ಇಲ್ಲವೇ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ. ಕೋರ್ಟು ಅಂದವರಿಗೆ ತಿದ್ದುಪಡಿ ತಲುಪಿಲ್ಲ.

ಅರ್ಜಿ_ಅಣ್ಣಯ್ಯ
ಎಲ್ಲ ಕಡೆ ಹಾಗಿಲ್ಲ. ನಮ್ಮ ಕಡೆ ಈಗಲೂ ಕೋರ್ಟಿಗೇ ಕಳಿಸುತ್ತಾರೆ.

ಲಾಯರ್_ಮನೆ_ಅಳಿಯ
ಕಳಿಸುವುದು ಬೇರೆ, ಕಾಯ್ದೆ ಬೇರೆ.

ಅರ್ಜಿ_ಅಣ್ಣಯ್ಯ
ಕಾಯ್ದೆ ಪುಸ್ತಕ ತೋರಿಸಿದರೆ ಕೌಂಟರಿನಲ್ಲಿ ಏನು ಹೇಳುತ್ತಾರೆ ಗೊತ್ತಾ? "ಸುತ್ತೋಲೆ ತನ್ನಿ." ನೀವು ಒಮ್ಮೆ ಸಾಲಿನಲ್ಲಿ ನಿಂತು ನೋಡಿ ಅಳಿಯಂದಿರೇ.

ಕುಡ್ಲದ_ಪುಳ್ಳಿ
ಅಯ್ಯೋ ಮಾರಾಯ್ರೇ, ನಮೂನೆ 10 ಈಗಲೇ ತೆಗೆದುಕೊಳ್ಳಬೇಡಿ! ಆ ಪತ್ರದ ಅರ್ಥ "ಈ ಕಚೇರಿಯ ಈ ವರ್ಷದ ಪುಸ್ತಕದಲ್ಲಿ ಇಲ್ಲ" ಎಂದು ಮಾತ್ರ. ಎಲ್ಲೂ ಇಲ್ಲ ಎಂದಲ್ಲ. ಬೇರೆ ಕಡೆ ನೋಂದಣಿ ಆಗಿದ್ದು, ನೀವು ಇಲ್ಲಿ ಹೊಸದಾಗಿ ಮಾಡಿಸಿದರೆ ಒಬ್ಬ ಮನುಷ್ಯ ಎರಡು ಸಲ ಸತ್ತ ಹಾಗಾಗುತ್ತದೆ. ಆಮೇಲೆ ದಾಯಾದಿಗಳಲ್ಲಿ ಒಬ್ಬರು ಮೊದಲಿನದನ್ನು ತಂದು ತೋರಿಸಿದರೆ ಪೌತಿ ಖಾತೆ ನಿಂತುಹೋಗುತ್ತದೆ. ಮತ್ತೆ ಕೇಳುತ್ತಿದ್ದೇನೆ: ಅಜ್ಜ ಕೊನೆ ಉಸಿರು ಬಿಟ್ಟದ್ದು ಎಲ್ಲಿ?

ಅಡಿಕೆಮರ_77
ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ. ಆದರೆ ಸುಟ್ಟಿದ್ದು ಊರಲ್ಲೇ, ನಮ್ಮ ತೋಟದ ಮೂಲೆಯಲ್ಲಿ. ಬಾಡಿಗೆ ವ್ಯಾನಿನಲ್ಲಿ ತಂದಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕುಡ್ಲದ_ಪುಳ್ಳಿ
ಅದೇ ಸಂಬಂಧ! ಮರಣ ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಮನೆ ಎಲ್ಲಿದೆ, ಚಿತೆ ಎಲ್ಲಿ ಹತ್ತಿತು ಎನ್ನುವುದು ಲೆಕ್ಕಕ್ಕೇ ಇಲ್ಲ. ಆಸ್ಪತ್ರೆಯಲ್ಲಿ ಆದ ಮರಣವನ್ನು ಆಸ್ಪತ್ರೆಯವರೇ ವರದಿ ಮಾಡಬೇಕು. ಶಿವಮೊಗ್ಗ ಆಗ ನಗರಸಭೆ, ಈಗ ಮಹಾನಗರ ಪಾಲಿಕೆ. ಅಲ್ಲಿಯ ಜನನ ಮರಣ ವಿಭಾಗಕ್ಕೆ ಹೋಗಿ. ಪುಸ್ತಕದಲ್ಲಿ ಸಾಲು ಬರುವುದು ಸತ್ತ ದಿನಕ್ಕಲ್ಲ, ನೋಂದಣಿ ಮಾಡಿದ ದಿನಕ್ಕೆ. ಜನವರಿ ಕೊನೆಯದ್ದು ಫೆಬ್ರವರಿಯಲ್ಲಿ ಸಿಕ್ಕಿದರೂ ಸಿಕ್ಕೀತು. ವಿಳಾಸದ ಕಲಂನಲ್ಲಿ ನಿಮ್ಮೂರಿನ ಹೆಸರು ಹುಡುಕಿ, ಹೆಸರಿಗಿಂತ ಅದು ಬೇಗ ಕಣ್ಣಿಗೆ ಬೀಳುತ್ತದೆ.

ರೆಕಾರ್ಡ್‌ರೂಮ್_ರಾಯರು
ಇದನ್ನು ಮೊದಲೇ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹಳ್ಳಿಯಲ್ಲಿ ಆದ ಮರಣದ ಹಳೆಯ ಪುಸ್ತಕ ತಹಶೀಲ್ದಾರ್ ಕಚೇರಿಗೆ ಬರುತ್ತದೆ, ಪಟ್ಟಣದ್ದು ಪುರಸಭೆ, ನಗರಸಭೆಯಲ್ಲೇ ಉಳಿಯುತ್ತದೆ. ಎರಡೂ ಒಂದೇ ಕೊಠಡಿಯಲ್ಲಿ ಇರುವುದಿಲ್ಲ. ಇ-ಜನ್ಮವನ್ನು ನಂಬಿ ಕೂರಬೇಡಿ. ಹಳೆಯ ನಮೂದನ್ನು ಯಾರಾದರೂ ಕೂತು ಏರಿಸಿದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ.

ಗ್ರಾಂಪ್ಸ್_ಗಿರಿ
ಈ ತಾಪತ್ರಯಕ್ಕೇ ನಾನು ಎಲ್ಲವನ್ನೂ ಗ್ರಾಂಪ್ಸ್ ಎಂಬ ವಂಶವೃಕ್ಷದ ತಂತ್ರಾಂಶದಲ್ಲಿ ಹಾಕಿಟ್ಟಿದ್ದೇನೆ. ಒಂಬತ್ತು ತಲೆಮಾರು. ಪ್ರತಿಯೊಬ್ಬರ ತಿಥಿ, ಇಸವಿ, ಊರು, ದಾಖಲೆಯ ಫೋಟೊ. ಹಳೆಯ ಪುಸ್ತಕದ ಹಾಳೆ ತೆಗೆಯಲು ಮರದ ಸ್ಟ್ಯಾಂಡ್ ಮಾಡಿಸಿದ್ದೇನೆ, ಮೇಲೆ ಕ್ಯಾಮೆರಾ, ಎರಡು ಪಕ್ಕಕ್ಕೂ ಎಲ್‌ಇಡಿ ಪಟ್ಟಿ. ನೆರಳು ಬೀಳುವುದಿಲ್ಲ. ಸಾವಿನ ಕಾರಣಕ್ಕೂ ಒಂದು ಕಲಂ ಇಟ್ಟಿದ್ದೇನೆ, ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಎಲ್ಲಿಂದ ಬಂತು ಎಂದು ನೋಡಲು. ಅಡಿಕೆಮರ ಅವರೇ, ನಕಲು ಸಿಕ್ಕಾಗ ಕಾರಣವನ್ನೂ ಬರೆಸಿಕೊಳ್ಳಿ.

ಲಾಯರ್_ಮನೆ_ಅಳಿಯ
ಬರೆಸಿಕೊಳ್ಳಲು ಆಗುವುದಿಲ್ಲ ಗಿರಿ. ರಿಜಿಸ್ಟರಿನಲ್ಲಿ ಕಾರಣ ಇರುತ್ತೆ, ಆದರೆ ಕೊಡುವ ನಕಲಿನಲ್ಲಿ ಅದನ್ನು ತೋರಿಸಬಾರದು ಎಂದು 17ನೇ ಸೆಕ್ಷನ್ನೇ ಹೇಳುತ್ತದೆ. ಮರಣ ಪ್ರಮಾಣಪತ್ರದ ನಮೂನೆ 6ರಲ್ಲಿ ಆ ಕಲಂ ಇಲ್ಲ.

ಗ್ರಾಂಪ್ಸ್_ಗಿರಿ
ನನಗೆ ಮೂರು ಜನರದ್ದು ಸಿಕ್ಕಿದೆಯಲ್ಲ.

ಲಾಯರ್_ಮನೆ_ಅಳಿಯ
ಯಾರೋ ಪುಸ್ತಕ ನಿಮ್ಮ ಕಡೆ ತಿರುಗಿಸಿ ಟೀ ಕುಡಿಯಲು ಹೋಗಿರಬೇಕು.

ಅಡಿಕೆಮರ_77
ಸಿಕ್ಕಿತು!! ಫೆಬ್ರವರಿ 1980ರ ಹಾಳೆಯಲ್ಲಿ. ನೀಲಿ ಶಾಯಿ ಹರಡಿದೆ, ಆದರೆ ನಮ್ಮೂರಿನ ಹೆಸರು ಚೆನ್ನಾಗಿ ಕಾಣುತ್ತದೆ. ಪಾಲಿಕೆಯ ಆ ಮೇಡಂ ಏಣಿ ಹತ್ತಿ ಪುಸ್ತಕ ಇಳಿಸಿಕೊಟ್ಟರು. ಸಕಾಲ ಯೋಜನೆಯ ಅರ್ಜಿ ಸ್ವೀಕೃತಿಯನ್ನೂ ನಾನು ಕೇಳದೆಯೇ ಕೊಟ್ಟರು. ಒಂದೇ ತೊಂದರೆ. ಅಲ್ಲಿ ಅಜ್ಜನ ಹೆಸರು ತಿಮ್ಮಪ್ಪಯ್ಯ ಎಂದಿದೆ, ಪಹಣಿಯಲ್ಲಿ ತಿಮ್ಮಪ್ಪ.

ರೆಕಾರ್ಡ್‌ರೂಮ್_ರಾಯರು
ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ. ಹೆಸರು!

ಕುಡ್ಲದ_ಪುಳ್ಳಿ
ಹೌದು ರಾಯರೇ, ನೀವೇ ಗೆದ್ದಿರಿ.

ಲಾಯರ್_ಮನೆ_ಅಳಿಯ
15ನೇ ಸೆಕ್ಷನ್ನಿನಲ್ಲಿ ನಮೂದು ತಿದ್ದಿಸಲು ದಾರಿ ಇದೆ, ಆದರೆ ಅಷ್ಟು ದೂರ ಹೋಗಬೇಡಿ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ವಂಶವೃಕ್ಷದಲ್ಲಿ "ತಿಮ್ಮಪ್ಪ ಉರುಫ್ ತಿಮ್ಮಪ್ಪಯ್ಯ" ಎಂದು ಬರೆಸಿ. ತಂದೆಯ ಹೆಸರು ಎರಡೂ ಕಡೆ ಒಂದೇ ಇದ್ದರೆ ಗ್ರಾಮ ಆಡಳಿತಾಧಿಕಾರಿ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಅಡಿಕೆ ಸೊಸೈಟಿಯ ಹಳೆ ಷೇರು ಪಾಸ್‌ಬುಕ್ಕಿನಲ್ಲಿ ಉದ್ದದ ಹೆಸರು ಇದ್ದರೆ ಅದನ್ನೂ ಲಗತ್ತಿಸಿ.

ಬಿಸಿಲೂರು_ಕಲಬುರಗಿ
ನಮ್ಮ ಮುತ್ಯಾಂದು ಇದಕ್ಕಿಂತ ಕಠಿಣ ಅದ ರೀ. ನಿಜಾಮರ ಕಾಲದಾಗ ತೀರಿಕೊಂಡವರು. ಕಾಗದ ಎಲ್ಲಾ ಉರ್ದು, ಇಸವಿ ಫಸಲಿ. ಒಂದು ಕಾಗದದಾಗ 1357 ಅಂತ ಅದ. ಅದು ಯಾವ ವರ್ಷ ಆಗತದ? ಓದೋರು ಯಾರಾದರೂ ಇದ್ದಾರೇನು?

ಕುಡ್ಲದ_ಪುಳ್ಳಿ
ಫಸಲಿ ಎಂದರೆ ಕಂದಾಯದ ಲೆಕ್ಕದ ವರ್ಷ, ಹೈದರಾಬಾದಿನ ಫಸಲಿಗೆ 590 ಸೇರಿಸಿ. 1357 ಎಂದರೆ 1947-48. 1969ರ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದ 1970ರ ಏಪ್ರಿಲ್‌ಗಿಂತ ಹಿಂದೆ ಜನನ ಮರಣ ನೋಂದಣಿಗೆ ಒಂದೊಂದು ಸೀಮೆಗೆ ಒಂದೊಂದು ಕಾನೂನು. ನಮ್ಮ ಕಡೆ ಮದ್ರಾಸಿನ 1899ರದ್ದು. ನಮ್ಮ ಚರ್ಚುಗಳಲ್ಲಾದರೆ ಮರಣದ ಪುಸ್ತಕ ಬೇರೆಯೇ ಇರುತ್ತದೆ.

ನಿರ್ವಾಹಕ
ನಿಜಾಮರ ಕಾಲದ ದಾಖಲೆಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಬೆರೆಸಿದರೆ ಮುಂದೆ ಹುಡುಕುವವರಿಗೆ ಸಿಗುವುದಿಲ್ಲ. ಸಾವಿನ ಕಾರಣದ ಫೋಟೊಗಳನ್ನು ಇಲ್ಲಿ ಹಾಕಬೇಡಿ ಗಿರಿ, ಒಂದನ್ನು ತೆಗೆದಿದ್ದೇನೆ.

ಅರ್ಜಿ_ಅಣ್ಣಯ್ಯ
ಗಿರಿ, ಆ ಸ್ಟ್ಯಾಂಡಿಗೆ ಎಷ್ಟಾಯಿತು? ಕಚೇರಿಯೊಳಗೆ ಬಿಡುತ್ತಾರಾ?

ಗ್ರಾಂಪ್ಸ್_ಗಿರಿ
ಬಿಡುವುದಿಲ್ಲ. ಮನೆಯಲ್ಲಿರುವ ಹಳೆ ಕಾಗದಕ್ಕೆ ಮಾತ್ರ. ಹಲಸಿನ ಮರ, ನಮ್ಮ ಬಡಗಿ ಸುಮ್ನೆ ಮಾಡಿಕೊಟ್ಟ. ಅಳತೆ ಬೇಕಾದರೆ ಕಳಿಸುತ್ತೇನೆ, ಆದರೆ ಎಲ್‌ಇಡಿ ಹಳದಿ ಬೆಳಕಿನದ್ದು ತರಬೇಡಿ, ಹಳೆಯ ಶಾಯಿ ಕಾಣುವುದೇ ಇಲ್ಲ.