ಪಾರ್ಕ್ ಅಭಿವೃದ್ಧಿ ಅಂತ ಮರದ ಬುಡಕ್ಕೆಲ್ಲ ಸಿಮೆಂಟ್ ಹಾಕ್ತಿದಾರೆ, ಮೀಟಿಂಗಲ್ಲಿ ಏನು ಕೇಳ್ಬೇಕು?

ಬೆಳಗಿನನಡಿಗೆ

ಎಲ್ಲರಿಗೂ ನಮಸ್ಕಾರ. ನಮ್ಮನೆ ಹತ್ರದ ಪಾರ್ಕಲ್ಲಿ ಅಭಿವೃದ್ಧಿ ಕೆಲಸ ಅಂತ ಮೂರು ವಾರದಿಂದ ಗೇಟಿಗೆ ಬೀಗ ಹಾಕಿದಾರೆ. ಬೇಲಿ ಸಂದಿಯಿಂದ ನೋಡಿದ್ರೆ ಹಳೇ ಮಣ್ಣಿನ ದಾರಿ ಅಗೆದು ಪೇವರ್ ಹಾಕ್ತಿದಾರೆ, ಅದಕ್ಕೆ ನನ್ನ ತಕರಾರಿಲ್ಲ, ಮಳೆ ಬಂದ್ರೆ ಅಲ್ಲಿ ವಯಸ್ಸಾದವ್ರು ಕಾಲಿಡೋಕಾಗ್ತಿರಲಿಲ್ಲ. ಆದ್ರೆ ದಾರಿ ಪಕ್ಕದ ದೊಡ್ಡ ಮರಗಳ ಸುತ್ತ ಕಟ್ಟೆ ಕಟ್ಟಿ, ಒಳಗೆ ಎರಡಡಿ ಮಣ್ಣು ತುಂಬಿ, ಮೇಲೆ ಸಿಮೆಂಟ್ ಮಾಡ್ತಿದಾರೆ, ಜನ ಕೂರೋಕೆ ಅಂತೆ. ಮೊನ್ನೆ ಜೆಸಿಬಿಯಲ್ಲಿ ತೊಡೆ ದಪ್ಪದ ಒಂದು ಬೇರನ್ನ ಕಿತ್ತಾಕಿದ್ದು ನೋಡಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ, ನಾನು ಚಿಕ್ಕವಳಿದ್ದಾಗಿಂದ ಆ ಮರದ ಕೆಳಗೇ ಓಡಾಡಿದೀನಿ.

ಐದು ವರ್ಷದ ಹಿಂದೆನೂ ಹೀಗೇ ಕೆಲಸ ಆಗಿತ್ತು. ಆಗ ಒಂದು ಕಾರಂಜಿ ಕಟ್ಟಿದ್ರು, ಆರು ತಿಂಗಳಿಗೆ ಪಂಪ್ ಕೆಟ್ಟೋಯ್ತು, ಆಮೇಲೆ ನೀರು ನಿಂತು ಸೊಳ್ಳೆ, ಕೊನೆಗೆ ಅದ್ರಲ್ಲಿ ಕಸ. ಈ ಸಲ ಮುಂದಿನ ವಾರ ಎಂಜಿನಿಯರ್ ಮತ್ತೆ ಕಂಟ್ರಾಕ್ಟರ್ ನಿವಾಸಿಗಳ ಜೊತೆ ಮೀಟಿಂಗ್ ಮಾಡ್ತೀವಿ ಅಂದಿದಾರೆ. ಸುಮ್ನೆ ಜಗಳ ಮಾಡಿ ಬರೋದು ಬೇಡ, ಸರಿಯಾದ ಪ್ರಶ್ನೆ ಕೇಳ್ಬೇಕು ಅನ್ಸುತ್ತೆ. ಗೊತ್ತಿರೋರು ದಯವಿಟ್ಟು ಹೇಳಿ.

ಮರದನೆರಳು

ಅಕ್ಕ, ಮೊದಲು ಆ ಕಟ್ಟೆ ಕೆಲಸ ನಿಲ್ಸಿ. ಮೀಟಿಂಗ್ ತನಕ ಕಾಯ್ಬೇಡಿ, ನಾಳೆನೇ ಬರವಣಿಗೆಯಲ್ಲಿ ಕೊಡಿ. ನಾನು ತೋಟಗಾರಿಕೆ ಕೆಲಸದಲ್ಲೇ ಇರೋನು, ಹೀಗೆ ಸತ್ತ ಮರಗಳನ್ನ ಸಾಕಷ್ಟು ನೋಡಿದೀನಿ.

ಮರದ ಬೇರು ಪಾತಾಳಕ್ಕೆ ಹೋಗಿರುತ್ತೆ, ಮೇಲೆ ಏನು ಮಾಡಿದ್ರೂ ನಡೆಯುತ್ತೆ ಅಂತ ತುಂಬಾ ಜನ ತಿಳ್ಕೊಂಡಿದಾರೆ. ಹಂಗಲ್ಲ. ನೀರು, ಗೊಬ್ಬರ ಹೀರೋ ಬೇರೆಲ್ಲ ಹೆಚ್ಚಾಗಿ ಮೇಲಿನ 45ರಿಂದ 60 ಸೆಂಟಿಮೀಟರ್ ಮಣ್ಣಲ್ಲೇ ಇರೋದು, ಮತ್ತೆ ಅವು ಕೊಂಬೆಗಳ ನೆರಳಿಗಿಂತ ಆಚೆಗೂ ಹರಡಿರ್ತವೆ. ಬೇರಿಗೂ ಉಸಿರಾಡೋಕೆ ಗಾಳಿ ಬೇಕು. ಮೇಲೆ ಎರಡಡಿ ಮಣ್ಣು ತುಂಬಿ ಸಿಮೆಂಟ್ ಹಾಕಿದ್ರೆ ಗಾಳಿನೂ ಇಲ್ಲ ನೀರೂ ಇಲ್ಲ. ಕಾಂಡ ನೆಲ ಸೇರೋ ಕಡೆ ಬುಡ ಅಗಲ ಆಗಿರುತ್ತಲ್ಲ, ಆ ಭಾಗ ಯಾವಾಗ್ಲೂ ಕಣ್ಣಿಗೆ ಕಾಣ್ತಿರ್ಬೇಕು, ಅದನ್ನ ಮಣ್ಣಲ್ಲಿ ಹೂತ್ರೆ ತೊಗಟೆ ಕೊಳೆಯೋಕೆ ಶುರುವಾಗುತ್ತೆ. ಇದ್ರಲ್ಲಿ ಮೋಸ ಏನಂದ್ರೆ ಮರ ತಕ್ಷಣ ಸಾಯಲ್ಲ. ಮೂರು ವರ್ಷ, ಐದು ವರ್ಷ ಆದ್ಮೇಲೆ ತುದಿ ಕೊಂಬೆ ಒಣಗುತ್ತೆ, ಒಂದು ಗಾಳಿಗೆ ಬೀಳುತ್ತೆ, ಅಷ್ಟೊತ್ತಿಗೆ ಕಂಟ್ರಾಕ್ಟರ್ ಬಿಲ್ ತಗೊಂಡು ಎಷ್ಟೋ ದಿನ ಆಗಿರುತ್ತೆ, ಎಲ್ಲರೂ ಮಳೆಗೆ ಬಿತ್ತು ಅಂತಾರೆ.

ಲೆಕ್ಕ ಒಂದು ಹೇಳ್ತೀನಿ, ಬರ್ಕೊಳಿ. ಎದೆ ಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟಿದೆಯೋ ಅದರ 12 ಪಟ್ಟು ದೂರ, ಸುತ್ತಲೂ, ಕಾಪಾಡಬೇಕಾದ ಜಾಗ. ಅಂದ್ರೆ 50 ಸೆಂಟಿಮೀಟರ್ ದಪ್ಪದ ಮರಕ್ಕೆ ಬುಡದಿಂದ 6 ಮೀಟರ್. ಅದರೊಳಗೆ ಜೆಸಿಬಿ ಓಡಾಡಬಾರದು, ಜಲ್ಲಿ ಮರಳು ರಾಶಿ ಹಾಕಬಾರದು, ಯಾಕಂದ್ರೆ ಮಣ್ಣು ಒಂದ್ಸಲ ಅದುಮಿ ಗಟ್ಟಿಯಾದ್ರೆ ಮತ್ತೆ ಸಡಿಲ ಮಾಡೋದು ಬಹಳ ಕಷ್ಟ. ಅಗೆಯಲೇ ಬೇಕಂದ್ರೆ ಕೈಯಲ್ಲಿ ಅಗೆಯಲಿ. ಜನ ಕೂರೋಕೆ ಜಾಗ ಬೇಕು, ನಿಜ, ನೆರಳಲ್ಲಿ ಬಿಡಿ ಬೆಂಚು ಇಟ್ರೆ ಸಾಕು. ಬುಡಕ್ಕೆ ತರಗೆಲೆ ಇಲ್ಲಾ ಮರದ ಚೂರು 5ರಿಂದ 10 ಸೆಂಟಿಮೀಟರ್ ಹರಡಿ, ಕಾಂಡಕ್ಕೆ ತಾಗದ ಹಾಗೆ.

ನಿವೃತ್ತಎಂಜಿನಿಯರ್

ಮೇಲಿನವ್ರು ಮರದ ಬಗ್ಗೆ ಹೇಳಿದ್ದು ಪೂರ್ತಿ ಒಪ್ತೀನಿ. ನಾನು ಕಾಮಗಾರಿ ಕಡೆಯಿಂದ ಹೇಳ್ತೀನಮ್ಮ.

ನೀವು ಮೀಟಿಂಗಲ್ಲಿ ಕೇಳಬೇಕಾದ ಮೊದಲನೇ ಪ್ರಶ್ನೆ, ಎಸ್ಟಿಮೇಟಲ್ಲಿ ನಿರ್ವಹಣೆಗೆ ಎಷ್ಟು ಇಟ್ಟಿದೀರಿ, ಯಾವ ಹೆಡ್ಡಿಂದ, ಅಂದ್ರೆ ಬಜೆಟ್ಟಿನ ಯಾವ ಲೆಕ್ಕದಿಂದ, ಎಷ್ಟು ವರ್ಷಕ್ಕೆ? ಹೊಸದು ಕಟ್ಟೋಕೆ ದುಡ್ಡು ಬರೋ ದಾರಿ ಬೇರೆ, ದಿನಾ ನೋಡ್ಕೊಳೋಕೆ ಬರೋ ದಾರಿ ಬೇರೆ, ಎರಡನೇದು ಯಾವಾಗ್ಲೂ ಕಮ್ಮಿ. ನಿಮ್ಮ ಕಾರಂಜಿ ಕಥೆ ಅದೇ. ಪಂಪ್ ಹಾಕೋಕೆ ಟೆಂಡರ್ ಇತ್ತು, ಫಿಲ್ಟರ್ ತೊಳೆಯೋನಿಗೆ ಸಂಬಳ ಇರ್ಲಿಲ್ಲ. ನನ್ನ ಸರ್ವೀಸಲ್ಲಿ ಇದನ್ನ ತಡೆಯೋಕೆ ಎಷ್ಟೋ ಸಲ ಫೈಲಲ್ಲಿ ಬರೆದಿದೀನಿ, ಆಗ್ಲಿಲ್ಲ, ಆ ಬೇಜಾರು ಇನ್ನೂ ಇದೆ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಉದಾಹರಣೆ ಕೊಡಿ ಬೇಕಾದ್ರೆ. 843 ಎಕರೆ ಪಾರ್ಕು, 1970ರ ದಶಕದಲ್ಲಿ ಹುಲ್ಲು ಹೋಗಿ ಬರೀ ಧೂಳು, ಮುರಿದ ಬೆಂಚು, ಗೋಡೆ ತುಂಬ ಗೀಚು. 1980ರಲ್ಲಿ ಅದನ್ನ ನೋಡ್ಕೊಳೋಕೆ ಅಂತಲೇ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಅನ್ನೋ ಸಂಸ್ಥೆ ಶುರುವಾಯ್ತು. ಅವ್ರು ದುಡ್ಡು ಕೂಡಿಸಿ ರಿಪೇರಿ ಮಾಡಿದ್ದು ಒಂದು ಕಡೆ, ಆದ್ರೆ ಮುಖ್ಯವಾದದ್ದು ಇಡೀ ಪಾರ್ಕನ್ನ 49 ವಲಯ ಮಾಡಿ ಒಂದೊಂದಕ್ಕೂ ಜವಾಬ್ದಾರಿ ಹೊತ್ತ ಒಬ್ಬೊಬ್ಬ ಮಾಲಿನ ನೇಮಿಸಿದ್ದು. ಅಲ್ಲಿ ನಲ್ಲಿ ಸೋರಿದ್ರೆ, ಹುಲ್ಲು ಒಣಗಿದ್ರೆ ಯಾರನ್ನ ಕೇಳ್ಬೇಕು ಅಂತ ಎಲ್ಲರಿಗೂ ಗೊತ್ತು. ನಿಮ್ಮ ಪಾರ್ಕ್ ಚಿಕ್ಕದಿರಬಹುದು, ಆದ್ರೂ ಗೇಟಲ್ಲಿ ಮಾಲಿ ಹೆಸರು, ಫೋನ್ ನಂಬರ್ ಬರೆಸಿ ಅಂತ ಕೇಳೋಕೆ ಏನು ಅಡ್ಡಿ?

ಆಮೇಲೆ ಪೇವರ್. ನೀರು ಇಂಗೋ ಪೇವರ್ ಅಂತ ಹೇಳಿ ಕೆಳಗಡೆ ಕಾಂಕ್ರೀಟ್ ಬೆಡ್ ಹಾಕಿದ್ರೆ ಒಂದು ಹನಿನೂ ಇಂಗಲ್ಲ. ಕೆಳಗೆ ಜಲ್ಲಿ ಇರ್ಬೇಕು. ದಾರಿ ಅಡ್ಡಕ್ಕೆ 50ಕ್ಕೆ 1, ಅಂದ್ರೆ 50 ಇಂಚಿಗೆ 1 ಇಂಚು, ಇಳಿಜಾರು ಕೊಟ್ಟು ನೀರನ್ನ ಚರಂಡಿಗಲ್ಲ, ಗಿಡದ ಪಾತಿ ಕಡೆ ತಿರುಗಿಸಿ ಅನ್ನಿ. ಡಿಫೆಕ್ಟ್ ಲಯಬಿಲಿಟಿ ಅವಧಿ, ಅಂದ್ರೆ ಕೆಲಸ ಕೆಟ್ರೆ ಕಂಟ್ರಾಕ್ಟರೇ ತನ್ನ ಖರ್ಚಲ್ಲಿ ಸರಿಮಾಡಬೇಕಾದ ಅವಧಿ, ಎಷ್ಟು ಅಂತಲೂ ಕೇಳಿ, ಆ ತಾರೀಖು ಮುಗಿಯೋಕೆ ಎರಡು ತಿಂಗಳು ಮುಂಚೆ ನೀವೇ ಒಂದು ರೌಂಡ್ ಹಾಕಿ ಕುಸಿದಿದ್ದು, ಒಡೆದಿದ್ದು ಎಲ್ಲ ಫೋಟೋ ತೆಗೆದು ಕೊಡಿ, ಆಮೇಲೆ ಕೊಟ್ರೆ ಉಪಯೋಗ ಇಲ್ಲ.

ಪುಟ್ಟಿಅಮ್ಮ

ನನ್ನ ಮಗಳು ವೀಲ್‌ಚೇರಲ್ಲಿ ಇರೋದು. ನಮ್ಮ ಕಡೆ ಪಾರ್ಕು ಹೊಸದು ಮಾಡಿದಾಗ ಗೇಟಿಗೆ ಬೈಕ್ ನುಗ್ಗಬಾರದು ಅಂತ ಕಬ್ಬಿಣದ ಅಡ್ಡಗಂಬ ಹಾಕಿದ್ರು, ನಾವು ಆಚೆನೇ ಉಳ್ಕೊಂಡ್ವಿ, ಅವಳು ಒಳಗಡೆ ಮಕ್ಕಳು ಆಡೋದನ್ನ ನೋಡ್ತಾ ಕೂತಿದ್ದು ನಾನು ಮರೆಯಲ್ಲ. ಅದಕ್ಕೇ ಗೇಟಲ್ಲಿ ಒಂದು ಕಡೆನಾದ್ರೂ 90 ಸೆಂಟಿಮೀಟರ್ ಜಾಗ ಬಿಡಿ ಅಂತ ಹೇಳಿ. ರ‍್ಯಾಂಪ್ 12ಕ್ಕೆ 1ಕ್ಕಿಂತ ಕಡಿದಾಗಿ ಇರ್ಬಾರದು, ಅಂದ್ರೆ ಒಂದಡಿ ಎತ್ತರ ಹತ್ತೋಕೆ 12 ಅಡಿ ಉದ್ದ. ಸುಮ್ನೆ ಮೆಟ್ಟಿಲ ಮೇಲೆ ಒಂದು ಚಪ್ಪಡಿ ಮಲಗಿಸಿ ರ‍್ಯಾಂಪ್ ಅಂತಾರೆ, ಅದ್ರಲ್ಲಿ ಒಬ್ಬಳೇ ತಳ್ಳೋಕಾಗಲ್ಲ.

ಮಕ್ಕಳ ಜಾಗನೂ ನೋಡಿ. ಜಾರುಬಂಡೆ, ಉಯ್ಯಾಲೆ ಕೆಳಗೆ ಸಿಮೆಂಟ್ ಇರಲೇಬಾರದು. ಮರದ ಚೂರು ಹಾಕೋದಾದ್ರೆ 12 ಇಂಚು ತುಂಬಿಸ್ಲಿ, ತುಳಿದು ತುಳಿದು 9 ಇಂಚಿಗೆ ಇಳಿಯುತ್ತೆ, ಉಯ್ಯಾಲೆ ಕೆಳಗಂತೂ ಮಕ್ಕಳ ಕಾಲಿಗೆ ಗುಂಡಿನೇ ಬೀಳುತ್ತೆ, ಅದನ್ನ ಆಗಾಗ ಎಳೆದು ಮುಚ್ಚೋಕೆ ಜನ ಬೇಕು. ರಬ್ಬರ್ ನೆಲ ಚೆನ್ನಾಗಿ ಕಾಣುತ್ತೆ ಆದ್ರೆ ಬಿಸಿಲಿಗೆ ಕಾಲು ಸುಡುತ್ತೆ, ನೆರಳಿರೋ ಕಡೆ ಮಾತ್ರ ಹಾಕ್ಸಿ.

ಸಂಜೆಗಾಳಿ

ಒಂದು ವಿಷಯ ಯಾರೂ ಹೇಳಿಲ್ಲ, ಬೇಲಿ. ಸುರಕ್ಷತೆ ಅಂತ ಎತ್ತರದ ಕಾಂಪೌಂಡು, ದಟ್ಟ ಪೊದೆ ಮಾಡಿದ್ರೆ ಒಳಗೆ ಏನಾಗ್ತಿದೆ ಅಂತ ರಸ್ತೆಯಿಂದ ಕಾಣಲ್ಲ, ಹೆಣ್ಮಕ್ಕಳು ಸಂಜೆ ಬರೋದೇ ನಿಲ್ಲಿಸ್ತಾರೆ. ನ್ಯೂಯಾರ್ಕಲ್ಲೇ ಬ್ರಯಂಟ್ ಪಾರ್ಕ್ ಅಂತ ಇದೆ, ಅಲ್ಲಿ ಮಾದಕ ವಸ್ತು ಮಾರೋರು ಸೇರ್ಕೊಂಡಿದ್ರು. 1988ರಲ್ಲಿ ಮುಚ್ಚಿ 1992ರಲ್ಲಿ ತೆರೆದಾಗ ಎತ್ತರದ ಪೊದೆ ಸಾಲು ತೆಗೆದಿದ್ರು, ಒಳಗೆ ಬರೋ ದಾರಿಗಳನ್ನ ಅಗಲ ಮಾಡಿದ್ರು, ಜನ ತಮಗೆ ಬೇಕಾದ ಕಡೆ ಎಳ್ಕೊಂಡು ಕೂರೋಕೆ ಬಿಡಿ ಕುರ್ಚಿ ಇಟ್ರು. ಜನ ಜಾಸ್ತಿ ಆದ್ರು, ಕಾಟ ಕಮ್ಮಿ ಆಯ್ತು.

ಮರದನೆರಳು

@ಸಂಜೆಗಾಳಿ ಒಪ್ತೀನಿ, ಆದ್ರೆ ಇದನ್ನ ಕೇಳಿಸ್ಕೊಂಡು ಎಲ್ಲ ಪೊದೆನೂ ಬೋಳಿಸ್ತಾರೆ ಅನ್ನೋ ಭಯ ನಂಗೆ. ಚಿಕ್ಕ ಹಕ್ಕಿಗಳು ಗೂಡು ಕಟ್ಟೋದು ಪೊದೆಯಲ್ಲೇ. ದಾರಿ ಅಂಚಲ್ಲಿ ಸೊಂಟದ ಮಟ್ಟಕ್ಕೆ ಕತ್ತರಿಸಿ, ಜನ ಓಡಾಡದ ಒಂದು ಮೂಲೆ ದಟ್ಟವಾಗೇ ಬಿಡಿ. ದೀಪನೂ ಅಷ್ಟೇ, ಬಿಳಿ ಹೊಳಪಿನದ್ದು ಬೇಡ, 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಒಳಗಿನ ಹಳದಿ ಬೆಳಕು, ದಾರಿ ಮೇಲೆ ಮಾತ್ರ ಬೀಳೋ ಹಾಗೆ ಕೆಳಮುಖ ಮಾಡಿ.

ಬೆಳಗಿನನಡಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆನೇ ಪತ್ರ ಕೊಟ್ಟು ಬಂದೆ, ಕಟ್ಟೆ ಕೆಲಸ ಮೀಟಿಂಗ್ ತನಕ ನಿಲ್ಲಿಸ್ತೀವಿ ಅಂದ್ರು. ನಾವು ನಾಲ್ಕು ಜನ ಸೇರಿ ಟೇಪ್ ಹಿಡ್ಕೊಂಡು ಮರಗಳನ್ನ ಅಳೀತಿದೀವಿ, ಹನ್ನೊಂದು ಮುಗೀತು. ಪುಟ್ಟಿಅಮ್ಮ, ಗೇಟಲ್ಲಿ ಅಡ್ಡಗಂಬದ ಗುಂಡಿ ಆಗ್ಲೇ ತೋಡಿದಾರೆ, ಸಂದಿ 60 ಸೆಂಟಿಮೀಟರ್ ಇದೆ, ಅದನ್ನೇ ಮೊದಲು ಎತ್ತುತೀನಿ. ಒಂದು ಡೌಟು, ಈಗಾಗ್ಲೇ ಮಣ್ಣು ತುಂಬಿರೋ ಮೂರು ಮರ ಇದೆ, ಅದಕ್ಕೇನು ಮಾಡೋದು?

ಮರದನೆರಳು

ಮೂರು ವಾರ ತಾನೇ ಆಗಿದ್ದು, ಉಳಿಸ್ಬಹುದು. ಸಿಮೆಂಟ್ ಒಡೆಸಿ, ತುಂಬಿದ ಮಣ್ಣನ್ನ ಕೈಯಲ್ಲೇ ತೆಗೆಸಿ, ಬುಡದ ಹತ್ರ ಸನಿಕೆ ಬೇಡ, ತೊಗಟೆ ಗಾಯ ಆಗುತ್ತೆ. ಬೇರು ಕಿತ್ತ ಮರಕ್ಕೆ ಈ ಬೇಸಿಗೆ ಪೂರ್ತಿ ವಾರಕ್ಕೊಂದ್ಸಲ ಆಳಕ್ಕೆ ಇಳಿಯೋ ಹಾಗೆ ನೀರು ಕೊಡಿ, ದಿನಾ ಚಿಮುಕಿಸಿದ್ರೆ ಪ್ರಯೋಜನ ಇಲ್ಲ. ಯಾವ ಬದಿ ಬೇರು ಹೋಗಿದೆ ಅಂತ ಫೋಟೋ ತೆಗೆದಿಡಿ, ಗಾಳಿ ಕಾಲ ಶುರುವಾಗೋ ಮುಂಚೆ ಮರ ವಾಲಿದ್ಯಾ ಅಂತ ಗೊತ್ತಿರೋರಿಂದ ಒಂದ್ಸಲ ನೋಡಿಸಿ.