ರೆಂಡರ್ ಮಾಡುವಾಗ ವೇಗ ಬಿದ್ದುಹೋಗುತ್ತದೆ, ಓವರ್‌ಕ್ಲಾಕ್ ಮಾಡಲಾ?

ಪ್ರಶ್ನೆ:
ನನ್ನದು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್, ಪ್ರೊಸೆಸರ್ ಐ7-9850ಎಚ್. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ (ಅಂತಿಮ ಚಿತ್ರ ತಯಾರಿಸುವ ಕೆಲಸ) ಶುರು ಮಾಡಿದ ಕೂಡಲೇ 4 ಗಿಗಾಹರ್ಟ್ಸ್ ದಾಟುತ್ತದೆ, ಸ್ವಲ್ಪ ಹೊತ್ತಿಗೆ 97 ಡಿಗ್ರಿ ಮುಟ್ಟಿ 2.8ಕ್ಕೆ ಇಳಿದುಬಿಡುತ್ತದೆ. ಓವರ್‌ಕ್ಲಾಕ್ ಮಾಡಿದರೆ, ಅಂದರೆ ಪ್ರೊಸೆಸರ್ ವೇಗವನ್ನು ನಿಗದಿತ ಮಿತಿಗಿಂತ ಏರಿಸಿದರೆ, ಸರಿಹೋಗುತ್ತದಾ? ಪ್ರೊಸೆಸರ್‌ನ ವೇಗ, ವೋಲ್ಟೇಜ್ ಬದಲಿಸುವ ಥ್ರಾಟಲ್‌ಸ್ಟಾಪ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ.

ಉತ್ತರ 1:
ದಯವಿಟ್ಟು ವೇಗ ಏರಿಸಬೇಡಿ ಸರ್. ನಿಮಗೆ ಅಡ್ಡ ಬರುತ್ತಿರುವುದು ಬಿಸಿ, ವೇಗದ ಮಿತಿ ಅಲ್ಲ. ಮೊದಲು ವೋಲ್ಟೇಜ್ ಇಳಿಸಿ, ಯಾಕೆಂದರೆ ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಸ್ವಲ್ಪ ಇಳಿಸಿದರೂ ಬಿಸಿ ಚೆನ್ನಾಗಿ ಕಡಿಮೆಯಾಗಿ ಅದೇ ತಂಪಿನಲ್ಲಿ ಜಾಸ್ತಿ ವೇಗ ನಿಲ್ಲುತ್ತದೆ. ಥ್ರಾಟಲ್‌ಸ್ಟಾಪ್‌ನಲ್ಲಿ ಕೋರ್ (ಲೆಕ್ಕ ಮಾಡುವ ಭಾಗ) ಮತ್ತು ಕ್ಯಾಶ್ (ಪ್ರೊಸೆಸರ್ ಒಳಗಿನ ಮೆಮೊರಿ) ಎರಡಕ್ಕೂ ಮೈನಸ್ 50 ಮಿಲಿವೋಲ್ಟ್‌ನಿಂದ ಶುರು ಮಾಡಿ. ಪ್ರತಿ ಸಲ ಪೂರ್ತಿ ರೆಂಡರ್ ಓಡಿಸಿ ನೋಡಿ, ಹ್ಯಾಂಗ್ ಆದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಉತ್ತರ 2:
ಅದಕ್ಕೂ ಮೊದಲು ಹಿಂಬದಿ ಬಿಚ್ಚಿ ಫ್ಯಾನ್ ಧೂಳು ತೆಗೆಯಿರಿ. ಚಿಪ್‌ನ ಬಿಸಿಯನ್ನು ಕೂಲರ್‌ಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದರ ಬದಲು ಪಿಟಿಎಂ7950 ಅನ್ನೋ ಪ್ಯಾಡ್ ಹಾಕಿ, ಅದು ಸುಮಾರು 45 ಡಿಗ್ರಿಗೆ ಕರಗಿ ಚಿಪ್ ಮೇಲೆ ಸರಿಯಾಗಿ ಕೂರುತ್ತದೆ. ಪೇಸ್ಟ್ ಬದಲು ಹಾಕುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಬೇಡವೇ ಬೇಡ, ಅದರ ಗ್ಯಾಲಿಯಂ ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಆದರೆ ವೋಲ್ಟೇಜ್ ಭಾಗ ಲಾಕ್ ಅಂತ ತೋರಿಸುತ್ತಿದೆಯಲ್ಲ?

ಉತ್ತರ 1:
2019ರ ಡಿಸೆಂಬರ್‌ನಲ್ಲಿ ವೋಲ್ಟೇಜ್ ಬದಲಿಸಿ ಇಂಟೆಲ್ ಪ್ರೊಸೆಸರ್‌ನ ಭದ್ರತೆ ಮುರಿಯಬಹುದಾದ ಪ್ಲಂಡರ್‌ವೋಲ್ಟ್ ದೋಷ ಹೊರಬಿದ್ದ ಮೇಲೆ ಬಂದ ಬಯಾಸ್ (ಲ್ಯಾಪ್‌ಟಾಪ್ ಶುರುವಾಗುವಾಗ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ಗಳು ಇದನ್ನು ಮುಚ್ಚಿಬಿಟ್ಟವು. ಭದ್ರತೆಯ ವಿಷಯ, ಸುಮ್ನೆ ಹಳೆ ಬಯಾಸ್‌ಗೆ ಹೋಗಬೇಡಿ. ಬದಲಿಗೆ ದೀರ್ಘಾವಧಿಯ ಪವರ್ ಮಿತಿ, ಅಂದರೆ ಪಿಎಲ್1, 45 ವ್ಯಾಟ್‌ಗೆ ಇಡಿ. ವೇಗ ಏರಿಳಿತವಿಲ್ಲದೆ ಒಂದೇ ಸಮ ಓಡುತ್ತದೆ, ದೊಡ್ಡ ರೆಂಡರ್‌ಗೆ ಅದೇ ಮುಖ್ಯ ಅಲ್ವಾ?